ಬಚ್ಚಲಿಗೆ ಬಂದ ಬಿಸಿನೀರ ಬುಗ್ಗೆ

‘ಗೀಸರ್ ಆನ್ ಮಾಡಿದೆಯಾ?’ ‘ಗೀಸರ್ ಆಫ್ ಮಾಡಿದೆಯಾ?’ – ನಮ್ಮ ನಗರಗಳ ಮನೆಗಳಲ್ಲಿ ಬೆಳಗಿನ ಹೊತ್ತು ಈ ಎರಡು ಪ್ರಶ್ನೆಗಳು ಕೇಳಿಬರದ ದಿನವಿಲ್ಲ. ಆ ಪದ ಮಾತಿನಲ್ಲಿ ಎಷ್ಟು ಬೆರೆತಿದೆಯೆಂದರೆ, ಅದು ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ. ಇಂಗ್ಲಿಷಿನಿಂದ ಬಂತು ಎಂದರೆ ಅದು ಅರ್ಧ ಉತ್ತರ. ಇಂಗ್ಲೆಂಡಿನವರೇ ಈಗ ಆ ಹೆಸರನ್ನು ಬಚ್ಚಲಿನ ಉಪಕರಣಕ್ಕೆ ಬಳಸುವುದು ತೀರ ಕಡಿಮೆ. ಅವರ ಮನೆಗಳ ಗೋಡೆಯ ಮೇಲಿರುವುದು ‘ಕಾಂಬಿ ಬಾಯ್ಲರ್’. ನಲ್ಲಿ ತಿರುಗಿಸಿದ ಕೂಡಲೇ ಬಿಸಿನೀರು ಕೊಡುವ, ಚಳಿಗಾಲದಲ್ಲಿ ಕೋಣೆಗಳನ್ನೂ ಬೆಚ್ಚಗಿಡುವ ಒಂದು ಬಿಳಿಯ ಪೆಟ್ಟಿಗೆ.

ನಮ್ಮ ಗೀಸರಿಗೂ ಅವರ ಕಾಂಬಿ ಬಾಯ್ಲರಿಗೂ ಮೂಲಪುರುಷ ಒಬ್ಬನೇ. ಸುಮಾರು ನೂರೈವತ್ತು ವರ್ಷಗಳ ಈ ವಂಶಾವಳಿಯನ್ನು ಹಿಂಬಾಲಿಸಿ ಹೊರಟರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಹರಿಯುವ ನೀರನ್ನು ಕ್ಷಣದಲ್ಲಿ ಬಿಸಿ ಮಾಡುವ ವಿದ್ಯೆ ಮನುಷ್ಯನಿಗೆ ಬೇಗನೆ ಕೈಗೂಡಿತು. ಆ ಬೆಂಕಿಯ ಹೊಗೆಯನ್ನು ಸ್ನಾನ ಮಾಡುವವನಿಂದ ದೂರವಿಡುವ ವಿದ್ಯೆ ಕೈಗೂಡಲು ಬಹಳ ಕಾಲ ಹಿಡಿಯಿತು. ಎಷ್ಟೋ ಮನೆಗಳಿಗೆ ಮೊದಲನೆಯ ವಿದ್ಯೆ ತಲುಪಿದೆ, ಎರಡನೆಯದು ಇನ್ನೂ ತಲುಪಿಲ್ಲ.

ಐಸ್‌ಲೆಂಡಿನ ಹೆಸರು

ಐಸ್‌ಲೆಂಡಿನ ನೈಋತ್ಯ ಭಾಗದಲ್ಲಿ ಹೌಕಾದಾಲೂರ್ ಎಂಬ ಕಣಿವೆಯಿದೆ. ಅಲ್ಲಿ ನೆಲದೊಳಗಿನಿಂದ ಕುದಿಯುವ ನೀರು ಆಗಾಗ ಆಕಾಶಕ್ಕೆ ಚಿಮ್ಮುತ್ತದೆ. ಆ ಕಣಿವೆಯ ಅತಿ ದೊಡ್ಡ ಬುಗ್ಗೆಯ ಹೆಸರು ‘ಗೇಸಿರ್’. ಐಸ್‌ಲೆಂಡಿನ ಭಾಷೆಯಲ್ಲಿ ‘ರಭಸದಿಂದ ಉಕ್ಕು’ ಎಂಬ ಅರ್ಥದ ಕ್ರಿಯಾಪದದಿಂದ ಬಂದ ಹೆಸರು ಅದು. ಒಂದು ಬುಗ್ಗೆಯ ಅಂಕಿತನಾಮ ಕಾಲಕ್ರಮದಲ್ಲಿ ಲೋಕದ ಎಲ್ಲ ಚಿಮ್ಮುಬುಗ್ಗೆಗಳ ರೂಢನಾಮವಾಯಿತು.

1846ರಲ್ಲಿ ಈ ಬುಗ್ಗೆಯನ್ನು ನೋಡಲು ಜರ್ಮನಿಯ ರಸಾಯನ ವಿಜ್ಞಾನಿ ರಾಬರ್ಟ್ ಬುನ್ಸೆನ್ ಬಂದ. ಹಿಂದಿನ ವರ್ಷ ಹೆಕ್ಲಾ ಜ್ವಾಲಾಮುಖಿ ಸಿಡಿದಿತ್ತು. ಅದರ ಅಧ್ಯಯನಕ್ಕೆಂದು ಬಂದವನು ಬುಗ್ಗೆಯ ಬಾಯಿಯೊಳಗೆ ಉಷ್ಣಮಾಪಕಗಳನ್ನು ಇಳಿಬಿಟ್ಟು ಅಳೆದ. ಆಳದಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್ ಮೀರಿ ಕಾದಿದ್ದರೂ ಮೇಲಿರುವ ನೀರಿನ ಭಾರದಿಂದಾಗಿ ಕುದಿಯುತ್ತಿರಲಿಲ್ಲ. ಆ ನೀರು ಸ್ವಲ್ಪ ಮೇಲೇರಿದರೆ ಒತ್ತಡ ಇಳಿಯುತ್ತದೆ, ಒಮ್ಮೆಲೇ ಆವಿಯಾಗುತ್ತದೆ, ಮೇಲಿನದೆಲ್ಲವನ್ನೂ ಹೊರಕ್ಕೆ ಎಸೆಯುತ್ತದೆ. ಬುಗ್ಗೆಯ ಗುಟ್ಟನ್ನು ಬುನ್ಸೆನ್ ಹೀಗೆ ವಿವರಿಸಿದ.

ಅದೇ ಬುನ್ಸೆನ್ 1855ರ ಹೊತ್ತಿಗೆ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ತನ್ನ ಹೊಸ ಪ್ರಯೋಗಾಲಯಕ್ಕಾಗಿ ಒಂದು ಅನಿಲ ದೀಪವನ್ನು ರೂಪಿಸಿದ. ಅದನ್ನು ಮಾಡಿಕೊಟ್ಟವನು ಅಲ್ಲಿನ ಉಪಕರಣ ತಯಾರಕ ಪೀಟರ್ ಡೆಸಾಗಾ. ಉರಿಯುವ ಮೊದಲೇ ಅನಿಲಕ್ಕೆ ಗಾಳಿ ಬೆರೆಸುವುದು ಅದರ ಉಪಾಯ. ಹಾಗೆ ಬೆರೆಸಿದಾಗ ಹಳದಿ ಬಣ್ಣದ, ಮಸಿ ಹಿಡಿಸುವ ಜ್ವಾಲೆಯ ಬದಲು ನೀಲಿ ಬಣ್ಣದ, ಬಿಸಿ ಹೆಚ್ಚಿರುವ ಜ್ವಾಲೆ ಬರುತ್ತದೆ. ಶಾಲೆಯ ಪ್ರಯೋಗಾಲಯದಲ್ಲಿ ‘ಬುನ್ಸೆನ್ ಬರ್ನರ್’ ಎಂದು ಎಲ್ಲರೂ ಕಂಡಿರುವುದು ಇದನ್ನೇ. ನಮ್ಮ ಅಡಿಗೆಮನೆಯ ಗ್ಯಾಸ್ ಒಲೆಯಲ್ಲಿ ಉರಿಯುವುದೂ ಇದೇ ತತ್ತ್ವದ ಜ್ವಾಲೆ. ಬುಗ್ಗೆಯ ಗುಟ್ಟು ಬಿಡಿಸಿದವನ ಜ್ವಾಲೆಯೇ ಮುಂದೆ ಬಚ್ಚಲಿನ ‘ಬುಗ್ಗೆ’ಗಳ ಒಳಗೆ ಉರಿಯಬೇಕಾಗಿತ್ತೆಂಬುದು ಇತಿಹಾಸದ ಒಂದು ಸೊಗಸಾದ ಆಕಸ್ಮಿಕ.

ಹಂಡೆಯ ಲೆಕ್ಕ

ಬಿಸಿನೀರು ಪಡೆಯಲು ಎರಡೇ ದಾರಿ. ಮೊದಲೇ ಕಾಯಿಸಿ ಕೂಡಿಡುವುದು ಒಂದು. ಹರಿಯುತ್ತಿರುವಾಗಲೇ ಕಾಯಿಸುವುದು ಇನ್ನೊಂದು. ನಮ್ಮ ಹಳೆಯ ಬಚ್ಚಲುಮನೆಯ ತಾಮ್ರದ ಹಂಡೆ ಮೊದಲನೆಯ ದಾರಿಗೆ ಒಳ್ಳೆಯ ಉದಾಹರಣೆ. ನಸುಕಿನಲ್ಲಿ ಒಲೆ ಹೊತ್ತಿಸಿ ತೆಂಗಿನ ಗರಿ, ಮಟ್ಟೆ, ಸೌದೆ ಒಟ್ಟಿದರೆ ನಿಧಾನವಾಗಿ ನೀರು ಕಾಯುತ್ತದೆ. ಮನೆಮಂದಿ ಒಬ್ಬರಾದ ಮೇಲೊಬ್ಬರು ತೋಡಿಕೊಂಡು ಸ್ನಾನ ಮಾಡುತ್ತಾರೆ. ಇಲ್ಲಿ ಬೆಂಕಿ ಚಿಕ್ಕದಾದರೂ ನಡೆಯುತ್ತದೆ, ಏಕೆಂದರೆ ಸಮಯ ಧಾರಾಳವಾಗಿದೆ.

ಹರಿಯುವ ನೀರನ್ನು ಕಾಯಿಸುವಾಗ ಆ ಸಮಯ ಸಿಗುವುದಿಲ್ಲ. ಒಂದು ಸಣ್ಣ ಲೆಕ್ಕ ನೋಡಬಹುದು. 15 ಲೀಟರಿನ ಒಂದು ಬಕೆಟ್ ನೀರನ್ನು 20 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಲು 2 ಕಿಲೋವಾಟ್ ವಿದ್ಯುತ್ ಗೀಸರಿಗೆ ಸುಮಾರು 13 ನಿಮಿಷ ಬೇಕು. ಈಗ ಯೂರೋಪಿನ ಚಳಿಗಾಲವನ್ನು ಊಹಿಸಿಕೊಳ್ಳಿ. ನಲ್ಲಿಯಲ್ಲಿ ಬರುವ ನೀರು 5 ಡಿಗ್ರಿ. ಷವರಿನಲ್ಲಿ ನಿಮಿಷಕ್ಕೆ 10 ಲೀಟರಿನಂತೆ 40 ಡಿಗ್ರಿಯ ನೀರು ಸುರಿಯಬೇಕು. ಅದಕ್ಕೆ ಬೇಕಾಗುವ ಶಕ್ತಿ ಸುಮಾರು 24 ಕಿಲೋವಾಟ್. ಅಂದರೆ ನಮ್ಮ 12 ಗೀಸರುಗಳನ್ನು ಒಟ್ಟಿಗೆ ಹಚ್ಚಿದಷ್ಟು. ಅಷ್ಟು ದೊಡ್ಡ ಬೆಂಕಿ ಕ್ಷಣದಲ್ಲಿ ಹೊತ್ತಬೇಕು, ನೀರು ನಿಂತ ಕ್ಷಣದಲ್ಲಿ ಆರಬೇಕು. ಸೌದೆಯಿಂದಾಗಲಿ ಕಲ್ಲಿದ್ದಲಿನಿಂದಾಗಲಿ ಇದು ಆಗುವ ಮಾತಲ್ಲ. ಕೊಳವೆಯಲ್ಲಿ ಬರುವ ಅನಿಲಕ್ಕೆ ಮಾತ್ರ ಇದು ಸಾಧ್ಯ.

ಲಂಡನ್ನಿನ ಬೀದಿಗಳಲ್ಲಿ 19ನೆಯ ಶತಮಾನದ ಆರಂಭದಿಂದಲೇ ಅನಿಲದ ಕೊಳವೆಗಳಿದ್ದವು. ಕಲ್ಲಿದ್ದಲನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ ತೆಗೆದ ಆ ಅನಿಲ ಮೊದಲು ಬಂದದ್ದು ದೀಪಕ್ಕಾಗಿ. ನೀರು ಕಾಯಿಸಲು ಮನೆಗಳು ಅಡಿಗೆಮನೆಯ ಕಲ್ಲಿದ್ದಲ ಒಲೆಯನ್ನೇ ನಂಬಿದ್ದವು. ಕೆಳಗಿನ ಅಡಿಗೆಮನೆಯಿಂದ ಮಹಡಿಯ ಸ್ನಾನದ ತೊಟ್ಟಿಗೆ ಬಿಸಿನೀರಿನ ಪಾತ್ರೆ ಹೊತ್ತು ಮೆಟ್ಟಿಲು ಹತ್ತುವುದು ಶ್ರೀಮಂತರ ಮನೆಗಳ ಆಳುಗಳ ಕೆಲಸವಾಗಿತ್ತು. ಬಡವರ ಮನೆಗಳಲ್ಲಿ ಒಲೆಯ ಮುಂದಿಟ್ಟ ತಗಡಿನ ತೊಟ್ಟಿಯೇ ಬಚ್ಚಲು.

ಮಾನ್ ಮಾಡಿದ ‘ಗೀಸರ್’

1868ರಲ್ಲಿ ಬೆಂಜಮಿನ್ ವ್ಯಾಡಿ ಮಾನ್ ಎಂಬ ಲಂಡನ್ನಿನವನು ಒಂದು ಹೊಸ ಉಪಕರಣಕ್ಕೆ ಪೇಟೆಂಟ್ ಪಡೆದ. ಅವನೇನೂ ಎಂಜಿನಿಯರ್ ಅಲ್ಲ. ಮನೆಗಳಿಗೆ ಅಲಂಕಾರದ ಬಣ್ಣ ಬಳಿಯುವ ಕಸುಬಿನವನು. ಅವನ ಉಪಕರಣ ಎತ್ತರದ ಕಂಬದಂತಿತ್ತು. ತಳದಲ್ಲಿ ಅನಿಲದ ಜ್ವಾಲೆ. ಮೇಲಿನಿಂದ ಇಳಿಯುವ ತಣ್ಣೀರಿಗೆ ಕೆಳಗಿನಿಂದ ಏರುವ ಬಿಸಿ ಹೊಗೆ ಎದುರಾಗುತ್ತಿತ್ತು. ಕಂಬದ ಬುಡದ ಕೊಳವೆಯಿಂದ ಬಿಸಿನೀರು ನೇರವಾಗಿ ಸ್ನಾನದ ತೊಟ್ಟಿಗೆ ಬೀಳುತ್ತಿತ್ತು. ಹಂಡೆ ಬೇಡ, ಕಾಯುವುದು ಬೇಡ, ಆಳು ಬೇಡ. ಐಸ್‌ಲೆಂಡಿನ ಬುಗ್ಗೆಯ ಹೆಸರನ್ನೇ ಅವನು ಅದಕ್ಕಿಟ್ಟ – ‘ಗೀಸರ್’.

ಹೆಸರು ನಿಂತಿತು. ಉಪಕರಣ ಮಾತ್ರ ಅಪಾಯದ ಮೂಟೆ. ಹೊಗೆಯೂ ನೀರೂ ಒಂದೇ ಜಾಗದಲ್ಲಿ ಹಾಯುತ್ತಿದ್ದುದರಿಂದ ಆ ನೀರು ಸ್ನಾನಕ್ಕಾದೀತೇ ಹೊರತು ಕುಡಿಯಲು ಆಗುತ್ತಿರಲಿಲ್ಲ. ಮೊದಲು ನೀರು ಬಿಡಬೇಕು, ಆಮೇಲೆ ಅನಿಲ ಹೊತ್ತಿಸಬೇಕು. ಈ ಕ್ರಮ ತಪ್ಪಿದರೆ ಒಣ ಲೋಹ ಕಾದು ಹಾಳಾಗುತ್ತಿತ್ತು. ಅನಿಲ ಬಿಟ್ಟು ಕಡ್ಡಿ ಗೀರುವುದು ತಡವಾದರೆ ಕೂಡಿಕೊಂಡ ಅನಿಲ ಸದ್ದು ಮಾಡಿ ಸಿಡಿಯುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಕೊರತೆಯೆಂದರೆ, ಹೊಗೆಯನ್ನು ಹೊರಗೆ ಒಯ್ಯುವ ಕೊಳವೆ ಆ ಮೊದಲ ಗೀಸರಿಗೆ ಇರಲಿಲ್ಲ. ಸುಟ್ಟ ಅನಿಲವೆಲ್ಲ ಸ್ನಾನದ ಕೋಣೆಯಲ್ಲೇ ಉಳಿಯುತ್ತಿತ್ತು.

ಅಳತೆಯ ಯಂತ್ರ ಒಲೆಯಾಯಿತು

ಗೀಸರಿಗೆ ಶಾಸ್ತ್ರೀಯ ತಳಹದಿ ಸಿಕ್ಕಿದ್ದು ಜರ್ಮನಿಯಲ್ಲಿ. 1859ರಲ್ಲಿ ಹುಟ್ಟಿದ ಹ್ಯೂಗೋ ಯುಂಕರ್ಸ್ ಡೆಸ್ಸೌ ನಗರದಲ್ಲಿ ಅನಿಲದಿಂದ ನಡೆಯುವ ಎಂಜಿನುಗಳ ಮೇಲೆ ಕೆಲಸ ಮಾಡುತ್ತಿದ್ದ. ಒಂದು ಘನ ಮೀಟರ್ ಅನಿಲದಲ್ಲಿ ನಿಜವಾಗಿ ಎಷ್ಟು ಶಾಖವಿದೆ ಎಂಬುದು ತಿಳಿಯದೆ ಎಂಜಿನಿನ ಗುಣಾವಗುಣ ಹೇಳುವಂತಿರಲಿಲ್ಲ. ಅದನ್ನು ಅಳೆಯಲು ಅವನು ಒಂದು ಕೆಲೊರಿಮೀಟರ್ ತಯಾರಿಸಿ 1892ರಲ್ಲಿ ಪೇಟೆಂಟ್ ಪಡೆದ. ಮರುವರ್ಷ ಷಿಕಾಗೋ ಜಾಗತಿಕ ಮೇಳದಲ್ಲಿ ಅದು ಪ್ರದರ್ಶಿತವಾಯಿತು.

ಅದರ ತತ್ತ್ವ ಸರಳ. ಒಂದೇ ಸಮನೆ ಹರಿಯುವ ನೀರಿನ ಕೆಳಗೆ ಅನಿಲ ಉರಿಸುವುದು. ಬರುವ ನೀರಿಗೂ ಹೋಗುವ ನೀರಿಗೂ ಎಷ್ಟು ಡಿಗ್ರಿ ವ್ಯತ್ಯಾಸ, ಎಷ್ಟು ನೀರು ಹರಿಯಿತು ಎಂದು ನೋಡಿದರೆ ಅನಿಲದ ಶಾಖ ಎಷ್ಟೆಂದು ಲೆಕ್ಕ ಸಿಗುತ್ತದೆ. ಆದರೆ ಲೆಕ್ಕ ಸರಿಯಾಗಬೇಕಾದರೆ ಜ್ವಾಲೆಯ ಶಾಖ ಒಂದಿಷ್ಟೂ ಪೋಲಾಗದೆ ನೀರಿಗೇ ಸೇರಬೇಕು. ಇದಕ್ಕಾಗಿ ಯುಂಕರ್ಸ್ ಬಿಸಿ ಹೊಗೆಯನ್ನು ತೆಳು ಕೊಳವೆಗಳಲ್ಲಿ ಒಂದು ದಿಕ್ಕಿಗೂ ನೀರನ್ನು ಅವುಗಳ ಸುತ್ತ ಎದುರು ದಿಕ್ಕಿಗೂ ಹರಿಸಿದ. ಹೊರಗೆ ಹೋಗುವಷ್ಟರಲ್ಲಿ ಹೊಗೆ ತಣ್ಣಗಾಗುತ್ತಿತ್ತು. ಹೊಗೆಯಲ್ಲಿದ್ದ ನೀರಾವಿ ಕೂಡ ಹನಿಯಾಗಿ ಕೆಳಗಿಳಿಯುತ್ತಿತ್ತು. ಆ ಹನಿಗಳನ್ನು ಒಂದು ಪಾತ್ರೆಯಲ್ಲಿ ಹಿಡಿದು ಅವುಗಳ ಶಾಖವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಾಗುತ್ತಿತ್ತು. ಈ ಹನಿಗಳ ವಿಷಯವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು; ಕಥೆಯ ಕೊನೆಯ ಭಾಗದಲ್ಲಿ ಅವು ಮತ್ತೆ ಬರುತ್ತವೆ.

ಶಾಖ ಅಳೆಯಲು ಮಾಡಿದ ಯಂತ್ರವೇ ಅತ್ಯುತ್ತಮವಾಗಿ ನೀರು ಕಾಯಿಸುವ ಯಂತ್ರವೂ ಆಗಿದೆಯೆಂಬುದು ಯುಂಕರ್ಸನಿಗೆ ಹೊಳೆಯಿತು. 1895ರಲ್ಲಿ ಡೆಸ್ಸೌನಲ್ಲಿ ‘ಯುಂಕರ್ಸ್ ಅಂಡ್ ಕಂಪನಿ’ ಆರಂಭವಾಯಿತು. ಅನಿಲದಿಂದ ಸ್ನಾನದ ನೀರು ಕಾಯಿಸುವ ಉಪಕರಣಗಳು ಅದರ ಮುಖ್ಯ ಸರಕಾದವು. ಅದೇ ಕಾಲಕ್ಕೆ, 1894ರಲ್ಲಿ, ರೆಮ್‌ಶೈಡ್ ಊರಿನ ಯೊಹಾನ್ ವೈಲಾಂಟ್ ‘ಮುಚ್ಚಿದ ವ್ಯವಸ್ಥೆ’ಯ ಬಚ್ಚಲ ಒಲೆಗೆ ಪೇಟೆಂಟ್ ಪಡೆದ. ಅದರಲ್ಲಿ ಹೊಗೆ ಒಂದು ದಾರಿಯಲ್ಲಿ, ನೀರು ಇನ್ನೊಂದು ದಾರಿಯಲ್ಲಿ. ನಡುವೆ ಲೋಹದ ಗೋಡೆ. ಬಿಸಿನೀರು ಶುದ್ಧವಾಗಿ ಉಳಿಯಿತು. 1905ರಲ್ಲಿ ವೈಲಾಂಟನ ಸಂಸ್ಥೆ ನೆಲದ ಮೇಲಿನ ಕಂಬವನ್ನು ಗೋಡೆಗೆ ನೇತುಹಾಕುವ ಪೆಟ್ಟಿಗೆಯಾಗಿ ಮಾಡಿತು. ಅದಕ್ಕೂ ಇಟ್ಟ ಹೆಸರು ‘ಗೀಸರ್’.

ಬಚ್ಚಲ ಒಲೆಯ ಲಾಭ ಮತ್ತೊಂದು ಅಚ್ಚರಿಗೆ ಕಾರಣವಾಯಿತು. ತೆಳು ಲೋಹದ ತಗಡನ್ನು ಬಗ್ಗಿಸಿ ಬೆಸೆಯುವುದರಲ್ಲಿ ಯುಂಕರ್ಸನ ಕಾರ್ಖಾನೆ ಪಳಗಿತ್ತು. ಆಗಿನ ವಿಮಾನಗಳೋ ಮರ ಮತ್ತು ಬಟ್ಟೆಯವು. 1915ರ ಡಿಸೆಂಬರಿನಲ್ಲಿ ಯುಂಕರ್ಸನ ಪೂರ್ತಿ ಲೋಹದ ವಿಮಾನ ‘ಜೆ 1’ ಹಾರಿತು. 1919ರಲ್ಲಿ ಅವನ ‘ಎಫ್ 13’ ಪ್ರಯಾಣಿಕರನ್ನು ಹೊತ್ತೊಯ್ಯುವ ಲೋಹದ ವಿಮಾನವಾಗಿ ಬಂತು. ಹಣದ ಮುಗ್ಗಟ್ಟಿನಲ್ಲಿ ಸಿಕ್ಕಿದ ಅವನು 1932ರಲ್ಲಿ ಬಿಸಿನೀರಿನ ಉದ್ಯಮವನ್ನು ಬಾಷ್ ಸಂಸ್ಥೆಗೆ ಮಾರಿದ. ಮರುವರ್ಷ ಅಧಿಕಾರಕ್ಕೆ ಬಂದ ನಾಜಿಗಳು ವಿಮಾನದ ಕಾರ್ಖಾನೆಯನ್ನು ಅವನ ಕೈಯಿಂದ ಕಿತ್ತುಕೊಂಡರು. 1935ರ ಫೆಬ್ರವರಿ 3ರಂದು, ತನ್ನ 76ನೆಯ ಹುಟ್ಟುಹಬ್ಬದ ದಿನವೇ, ಯುಂಕರ್ಸ್ ತೀರಿಕೊಂಡ.

ನಲ್ಲಿ ತೆರೆದದ್ದು ಒಲೆಗೆ ತಿಳಿಯುವ ಬಗೆ

ನೀರು ಹರಿಯುತ್ತಲೇ ಒಲೆ ತಾನಾಗಿ ಹೊತ್ತಬೇಕು, ನಿಂತರೆ ತಾನಾಗಿ ಆರಬೇಕು. ವಿದ್ಯುತ್ತಿನ ನೆರವಿಲ್ಲದ ಕಾಲದಲ್ಲಿ ಇದಕ್ಕೆ ಕಂಡುಕೊಂಡ ಉಪಾಯ ಜಾಣತನದ್ದು. ನೀರಿನ ದಾರಿಯಲ್ಲಿ ಒಂದು ಕಡೆ ಕೊಳವೆಯನ್ನು ಕಿರಿದಾಗಿಸಿದರೆ, ನೀರು ರಭಸವಾಗಿ ಹರಿಯುವ ಆ ಜಾಗದಲ್ಲಿ ಒತ್ತಡ ತಗ್ಗುತ್ತದೆ. ಒಂದು ರಬ್ಬರ್ ಪೊರೆಯ ಒಂದು ಪಕ್ಕಕ್ಕೆ ಈ ತಗ್ಗಿದ ಒತ್ತಡವನ್ನೂ ಇನ್ನೊಂದು ಪಕ್ಕಕ್ಕೆ ಮೊದಲಿನ ಒತ್ತಡವನ್ನೂ ಕೊಟ್ಟರೆ ಪೊರೆ ಉಬ್ಬುತ್ತದೆ. ಉಬ್ಬಿದ ಪೊರೆ ಒಂದು ಕಡ್ಡಿಯನ್ನು ತಳ್ಳುತ್ತದೆ. ಕಡ್ಡಿ ಅನಿಲದ ವಾಲ್ವನ್ನು ತೆರೆಯುತ್ತದೆ. ನೀರು ನಿಂತರೆ ಪೊರೆ ಸಪಾಟಾಗುತ್ತದೆ, ವಾಲ್ವ್ ಮುಚ್ಚುತ್ತದೆ. ನೀರಿಲ್ಲದೆ ಬೆಂಕಿಯಿಲ್ಲ. ಮಾನನ ಗೀಸರಿನ ಅಪಾಯಗಳಲ್ಲಿ ಒಂದು ಇದರಿಂದ ತಪ್ಪಿತು.

ಪಕ್ಕದಲ್ಲಿ ಸದಾ ಉರಿಯುವ ಕಿರು ಜ್ವಾಲೆಯೊಂದು ಅನಿಲವನ್ನು ಹೊತ್ತಿಸುತ್ತಿತ್ತು. ಆ ಕಿರು ಜ್ವಾಲೆಯೇ ಆರಿಹೋದರೆ? ಅದಕ್ಕೂ ಕಾವಲು ಬಂತು. ಎರಡು ಬೇರೆ ಬೇರೆ ಲೋಹಗಳನ್ನು ಬೆಸೆದು ಬಿಸಿ ಮಾಡಿದರೆ ಅತಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಜ್ವಾಲೆಯಲ್ಲಿಟ್ಟ ಅಂಥ ತಂತಿಯ ವಿದ್ಯುತ್ತಿನಿಂದಲೇ ಅನಿಲದ ಬಾಗಿಲನ್ನು ತೆರೆದಿಡಲಾಯಿತು. ಜ್ವಾಲೆ ಆರಿದರೆ ವಿದ್ಯುತ್ ನಿಲ್ಲುತ್ತದೆ, ಬಾಗಿಲು ಮುಚ್ಚಿಕೊಳ್ಳುತ್ತದೆ. ಸಿಡಿತದ ಭಯ ಹೀಗೆ ಕಡಿಮೆಯಾಯಿತು.

ಅಮೆರಿಕದಲ್ಲಿ ಮಾತ್ರ ಜನ ಬೇರೆ ದಾರಿ ಹಿಡಿದರು. ನಾರ್ವೆಯಿಂದ ಪಿಟ್ಸ್‌ಬರ್ಗಿಗೆ ವಲಸೆ ಹೋಗಿದ್ದ ಎಡ್ವಿನ್ ರೂಡ್ 1889ರಲ್ಲಿ ತೊಟ್ಟಿಯಲ್ಲಿ ನೀರು ಕಾಯಿಸಿಡುವ ಸ್ವಯಂಚಾಲಿತ ಉಪಕರಣ ರೂಪಿಸಿದ. ವಿಶಾಲ ಮನೆಗಳ ಆ ದೇಶದಲ್ಲಿ ಇಂದಿಗೂ ನೆಲಮಾಳಿಗೆಯ ದೊಡ್ಡ ತೊಟ್ಟಿಯೇ ಸಾಮಾನ್ಯ. ನಮ್ಮ ಬಚ್ಚಲ ಗೋಡೆಯ 15 ಲೀಟರಿನ ವಿದ್ಯುತ್ ಗೀಸರ್ ಕೂಡ ಕಾಯಿಸಿಡುವ ಜಾತಿಯದೇ. ಬುಗ್ಗೆಯ ಹೆಸರು ಹೊತ್ತಿದ್ದರೂ ಅದು ನಿಜಕ್ಕೂ ಗೋಡೆಗೇರಿದ ಹಂಡೆ.

ಎರಡು ಕೆಲಸ, ಒಂದೇ ಪೆಟ್ಟಿಗೆ

ಬ್ರಿಟನ್ನಿನಲ್ಲಿ 1951ರ ಜನಗಣತಿಯ ಹೊತ್ತಿಗೂ ಮೂರರಲ್ಲೊಂದಕ್ಕಿಂತ ಹೆಚ್ಚು ಕುಟುಂಬಗಳಿಗೆ ಮನೆಯಲ್ಲಿ ಸ್ಥಿರವಾದ ಸ್ನಾನದ ತೊಟ್ಟಿ ಇರಲಿಲ್ಲ. ಇದ್ದವರ ಮನೆಯಲ್ಲಿ ಬಿಸಿನೀರಿಗಾಗಿ ದೊಡ್ಡ ಸಂಸಾರವೇ ಇತ್ತು. ಅಟ್ಟದ ಮೇಲೆ ತಣ್ಣೀರ ತೊಟ್ಟಿ, ಮಹಡಿಯ ಒಂದು ಬೀರುವಿನಲ್ಲಿ ತಾಮ್ರದ ಬಿಸಿನೀರ ಸಿಲಿಂಡರ್, ಕೆಳಗೆ ಬಾಯ್ಲರ್. ಸಿಲಿಂಡರಿನ ಬೆಚ್ಚನೆಯ ಬೀರುವಿನಲ್ಲಿ ಒಗೆದ ಬಟ್ಟೆಗಳನ್ನು ಗರಿಯಾಗಲು ಇಡುವುದು ಅಲ್ಲಿನ ಗೃಹಿಣಿಯರ ರೂಢಿ. ಮನೆಯ ಕೊನೆಯವನು ಸ್ನಾನಕ್ಕಿಳಿಯುವ ಹೊತ್ತಿಗೆ ಸಿಲಿಂಡರ್ ಬರಿದಾಗಿರುವುದೂ ಅಷ್ಟೇ ರೂಢಿ. ಹಂಡೆಯ ಮನೆಯಲ್ಲಿ ಬೆಳೆದವರಿಗೆ ಆ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

1965ರಲ್ಲಿ ಉತ್ತರ ಸಮುದ್ರದ ಬ್ರಿಟಿಷ್ ಭಾಗದಲ್ಲಿ ನೈಸರ್ಗಿಕ ಅನಿಲ ಸಿಕ್ಕಿತು. 1967ರಿಂದ 1977ರವರೆಗೆ ಬ್ರಿಟನ್ನಿನ ಮನೆಮನೆಗೆ ಹೋಗಿ ಸುಮಾರು 4 ಕೋಟಿ ಉಪಕರಣಗಳನ್ನು ಹೊಸ ಅನಿಲಕ್ಕೆ ಹೊಂದುವಂತೆ ಬದಲಾಯಿಸಲಾಯಿತು. ಅನಿಲ ಅಗ್ಗವಾಯಿತು. ಕೋಣೆ ಕೋಣೆಯ ಅಗ್ಗಿಷ್ಟಿಕೆಗಳ ಬದಲು, ಬಾಯ್ಲರಿನಿಂದ ಕೊಳವೆಗಳ ಮೂಲಕ ಬಿಸಿನೀರು ಸುತ್ತಿಸಿ ರೇಡಿಯೇಟರುಗಳಿಂದ ಇಡೀ ಮನೆ ಬೆಚ್ಚಗಿಡುವ ಪದ್ಧತಿ ಹರಡಿತು. ಅಷ್ಟರಲ್ಲಿ ಜರ್ಮನಿಯಲ್ಲಿ, 1960ರ ದಶಕದಲ್ಲಿ, ಗೋಡೆಯ ಗೀಸರನ್ನೂ ಮನೆ ಬೆಚ್ಚಗಿಡುವ ಬಾಯ್ಲರನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿದ್ದರು. ‘ಕಾಂಬಿ’ ಎಂಬುದು ಆ ಕೂಡಿಕೆಯ ಸಂಕ್ಷಿಪ್ತ ಹೆಸರು. ಅಟ್ಟದ ತೊಟ್ಟಿಯೂ ಬೀರುವಿನ ಸಿಲಿಂಡರೂ ಬೇಡವಾದುದರಿಂದ ಇಕ್ಕಟ್ಟಾದ ಮನೆಗಳಿಗೆ ಅದು ಹೇಳಿ ಮಾಡಿಸಿದಂತಿತ್ತು. ಇಂದು ಇಂಗ್ಲೆಂಡಿನ ಅರ್ಧಕ್ಕೂ ಹೆಚ್ಚು ಮನೆಗಳಲ್ಲಿರುವುದು ಕಾಂಬಿ ಬಾಯ್ಲರುಗಳೇ.

ಅದರ ಒಳಗೆ ನಡೆಯುವುದಿಷ್ಟು. ಬಾಯ್ಲರಿನ ಬೆಂಕಿ ಕಾಯಿಸುವುದು ರೇಡಿಯೇಟರುಗಳಲ್ಲಿ ಸುತ್ತುವ ನೀರನ್ನು. ಈ ನೀರು ಹೊರಗೆ ಬರುವುದೇ ಇಲ್ಲ. ಯಾರಾದರೂ ಬಿಸಿನೀರಿನ ನಲ್ಲಿ ತಿರುಗಿಸಿದಾಗ, ನಿಮಿಷಕ್ಕೆ ಎರಡು ಲೀಟರಿನಷ್ಟು ಹರಿವು ಕಂಡರೂ ಸಾಕು, ಕೊಳವೆಯೊಳಗಿನ ಪುಟ್ಟ ಚಕ್ರವೊಂದು ತಿರುಗಿ ಸುದ್ದಿ ಮುಟ್ಟಿಸುತ್ತದೆ. ಹಳೆಯ ರಬ್ಬರ್ ಪೊರೆಯ ಕೆಲಸ ಈಗ ಈ ಚಕ್ರದ್ದು. ಕೂಡಲೇ ಮೂರು ಬಾಯಿಯ ವಾಲ್ವ್ ಒಂದು ತಿರುಗಿ, ಸುತ್ತುವ ನೀರನ್ನು ರೇಡಿಯೇಟರುಗಳ ಕಡೆಯಿಂದ ಒಂದು ಚಿಕ್ಕ ಶಾಖ ವಿನಿಮಯಕದ ಕಡೆಗೆ ಹೊರಳಿಸುತ್ತದೆ. ವಿದ್ಯುತ್ ಕಿಡಿ ಅನಿಲವನ್ನು ಹೊತ್ತಿಸುತ್ತದೆ.

ಆ ವಿನಿಮಯಕ ಅಂಗೈಯಲ್ಲಿ ಹಿಡಿಯಬಹುದಾದ ಇಟ್ಟಿಗೆಯಂಥ ವಸ್ತು. ಸುಕ್ಕುಸುಕ್ಕಾದ ತೆಳು ಉಕ್ಕಿನ ತಗಡುಗಳನ್ನು ಒಂದರ ಬೆನ್ನಿಗೊಂದು ಬೆಸೆದಿರುತ್ತಾರೆ. ಒಂದು ಸಂದಿನಲ್ಲಿ ಬಾಯ್ಲರಿನ ಬಿಸಿನೀರು, ಪಕ್ಕದ ಸಂದಿನಲ್ಲಿ ನಲ್ಲಿಗೆ ಹೊರಟ ತಣ್ಣೀರು, ಎದುರುಬದುರಾಗಿ ಹರಿಯುತ್ತವೆ. ನೀರುಗಳು ಬೆರೆಯುವುದಿಲ್ಲ, ಶಾಖ ಮಾತ್ರ ದಾಟುತ್ತದೆ. ಯುಂಕರ್ಸನ ಅಳತೆಯ ಯಂತ್ರದ ಎದುರು ಹರಿವಿನ ಉಪಾಯವೇ ಇದು. ಹೊರಬರುವ ನೀರಿನ ಬಿಸಿ ನೋಡಿಕೊಂಡು ಎಲೆಕ್ಟ್ರಾನಿಕ್ ನಿಯಂತ್ರಕ ಜ್ವಾಲೆಯನ್ನು ಹಿರಿದು ಕಿರಿದು ಮಾಡುತ್ತದೆ. ನಲ್ಲಿ ಮುಚ್ಚಿದರೆ ವಾಲ್ವ್ ಮತ್ತೆ ರೇಡಿಯೇಟರುಗಳ ಕಡೆಗೆ ಹೊರಳುತ್ತದೆ. ಸ್ನಾನ ನಡೆಯುವ ಹತ್ತು ನಿಮಿಷ ಕೋಣೆಗಳಿಗೆ ಶಾಖ ಹೋಗುವುದಿಲ್ಲ. ಗೋಡೆಗಳ ಬಿಸಿ ಅಷ್ಟು ಬೇಗ ಇಳಿಯದ್ದರಿಂದ ಯಾರಿಗೂ ತಿಳಿಯುವುದೂ ಇಲ್ಲ.

ಕೊರತೆಗಳೂ ಇವೆ. ಚೆನ್ನಾಗಿ ಕಟ್ಟಿದ ಮನೆಯನ್ನು ಬೆಚ್ಚಗಿಡಲು 10 ಕಿಲೋವಾಟಿಗಿಂತ ಕಡಿಮೆ ಸಾಕಾಗುವಾಗ, ಒಂದು ಷವರಿಗಾಗಿ 24 ಕಿಲೋವಾಟ್ ಅಥವಾ ಅದಕ್ಕೂ ದೊಡ್ಡ ಬಾಯ್ಲರ್ ಹಾಕಬೇಕಾಗುತ್ತದೆ. ಎರಡು ನಲ್ಲಿ ಒಟ್ಟಿಗೆ ತೆರೆದರೆ ಇಬ್ಬರಿಗೂ ಅರ್ಧರ್ಧ. ಗಡಸು ನೀರಿನ ಊರುಗಳಲ್ಲಿ ತಗಡುಗಳ ಸಂದಿನಲ್ಲಿ ಸುಣ್ಣ ಕಟ್ಟುತ್ತದೆ. ‘ಕೂಡಲೇ’ ಎಂಬುದೂ ಪೂರ್ತಿ ನಿಜವಲ್ಲ. ಕೊಳವೆಯಲ್ಲಿ ನಿಂತ ತಣ್ಣೀರು ಖಾಲಿಯಾಗುವವರೆಗೆ ಕಾಯಲೇಬೇಕು. ಆದರೆ ಒಂದು ಒಳಿತು ದೊಡ್ಡದು. ನೀರನ್ನು ಉಗುರುಬೆಚ್ಚಗೆ ಕೂಡಿಟ್ಟರೆ ಅದರಲ್ಲಿ ‘ಲೀಜನೆಲ್ಲಾ’ ಎಂಬ, ನ್ಯುಮೋನಿಯಾ ತರುವ ರೋಗಾಣು ಬೆಳೆಯಬಲ್ಲದು. 1976ರಲ್ಲಿ ಫಿಲಡೆಲ್ಫಿಯಾದಲ್ಲಿ ಕಾಣಿಸಿಕೊಂಡ ಬೇನೆಯಿಂದ ಬೆಳಕಿಗೆ ಬಂದ ಈ ಅಣುಜೀವಿಯ ಭಯದಿಂದ, ತೊಟ್ಟಿಯ ನೀರನ್ನು 60 ಡಿಗ್ರಿಯವರೆಗೆ ಕಾಯಿಸಿಡಬೇಕಾಗುತ್ತದೆ. ಕೂಡಿಡದ ನೀರಿಗೆ ಆ ಚಿಂತೆ ಕಡಿಮೆ.

ಕಾಣದ ಹೊಗೆ

ಇಷ್ಟೆಲ್ಲ ಜಾಣತನದ ನಡುವೆ ಉಳಿದದ್ದು ಹೊಗೆಯ ಪ್ರಶ್ನೆ. ಹಂಡೆಯ ಒಲೆಯ ಹೊಗೆ ಕಣ್ಣು ಉರಿಸುತ್ತದೆ, ಕೆಮ್ಮು ತರಿಸುತ್ತದೆ. ಒಳಗಿದ್ದವರು ತಾವಾಗಿ ಬಾಗಿಲು ತೆರೆಯುತ್ತಾರೆ. ಅನಿಲದ ಹೊಗೆ ಕಾಣುವುದಿಲ್ಲ. ಗಾಳಿ ಸಾಲದೆ ಅನಿಲ ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಅಪ್ಪಿಕೊಳ್ಳುತ್ತದೆ. ಬ್ರಿಟಿಷ್ ಶರೀರ ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ 1895ರಲ್ಲಿ ತನ್ನ ಮೇಲೆಯೇ ಈ ಅನಿಲವನ್ನು ಪ್ರಯೋಗಿಸಿಕೊಂಡು ಅದರ ಪರಿಣಾಮಗಳನ್ನು ಬರೆದಿಟ್ಟ. ಮುಂದೆ ಭಾರತಕ್ಕೆ ಬಂದು ನೆಲೆಸಿದ ಜೆ.ಬಿ.ಎಸ್. ಹಾಲ್ಡೇನರ ತಂದೆ ಈತ. ಮೊದಲು ತಲೆನೋವು, ತಲೆಸುತ್ತು; ಆಮೇಲೆ ಕಾಲಿನ ಶಕ್ತಿ ಕುಸಿಯುತ್ತದೆ. ಅಪಾಯ ತಿಳಿಯುವ ಹೊತ್ತಿಗೆ ಎದ್ದು ಚಿಲಕ ತೆಗೆಯುವ ತ್ರಾಣ ಉಳಿದಿರುವುದಿಲ್ಲ.

ಹಳೆಯ ಕಲ್ಲಿದ್ದಲ ಅನಿಲದಲ್ಲಿ ಈ ವಿಷ ಮೊದಲೇ ಬೆರೆತಿರುತ್ತಿತ್ತು. ನೈಸರ್ಗಿಕ ಅನಿಲದಲ್ಲಿ ಅದಿಲ್ಲ. ಆದರೆ ಕೆಟ್ಟದಾಗಿ ಉರಿದರೆ ಅದೂ ವಿಷವೇ. ಇದಕ್ಕೆ ಪಶ್ಚಿಮದ ದೇಶಗಳು ಕಂಡುಕೊಂಡ ಪರಿಹಾರ, ಬಾಯ್ಲರಿನ ಒಳಗನ್ನು ಕೋಣೆಯಿಂದ ಪೂರ್ತಿ ಬೇರ್ಪಡಿಸುವುದು. ಒಂದರೊಳಗೊಂದು ಇರುವ ಎರಡು ಕೊಳವೆಗಳು ಗೋಡೆಯಾಚೆಗೆ ಹೋಗುತ್ತವೆ. ಒಂದರಲ್ಲಿ ಹೊರಗಿನ ಗಾಳಿ ಒಳಗೆ ಬರುತ್ತದೆ, ಇನ್ನೊಂದರಲ್ಲಿ ಹೊಗೆ ಹೊರಗೆ ಹೋಗುತ್ತದೆ. ಕೋಣೆಯ ಗಾಳಿಗೂ ಬೆಂಕಿಗೂ ಸಂಬಂಧವೇ ಇಲ್ಲ. ಬ್ರಿಟನ್ನಿನ 1998ರ ಅನಿಲ ಸುರಕ್ಷತಾ ನಿಯಮಗಳ ಪ್ರಕಾರ, ಸ್ನಾನದ ಕೋಣೆಯಲ್ಲಿ ಇಂಥ ಮುಚ್ಚಿದ ಉಪಕರಣವನ್ನಲ್ಲದೆ ಬೇರೆ ಅನಿಲದ ಉಪಕರಣವನ್ನು ಅಳವಡಿಸುವಂತಿಲ್ಲ.

ನಿಯಮ, ಯಂತ್ರ ಎರಡೂ ಇದ್ದರೂ ಉದಾಸೀನ ಕೊಲ್ಲುತ್ತದೆ. ಜಪಾನಿನಲ್ಲಿ 1985ರಿಂದ ಎರಡು ದಶಕಗಳ ಅವಧಿಯಲ್ಲಿ ಒಂದೇ ಬಗೆಯ ದಿಢೀರ್ ಬಿಸಿನೀರಿನ ಉಪಕರಣಗಳಿಂದ ಇಪ್ಪತ್ತಕ್ಕೂ ಹೆಚ್ಚು ಮಂದಿ ವಿಷಾನಿಲಕ್ಕೆ ಸಿಕ್ಕಿ ಸತ್ತದ್ದು 2006ರಲ್ಲಿ ಬಯಲಾಯಿತು. ಹೊಗೆ ತಳ್ಳುವ ಫ್ಯಾನ್ ನಿಂತರೆ ಒಲೆ ಆರುವಂತೆ ಅವುಗಳಲ್ಲಿ ಕಾವಲಿತ್ತು. ರಿಪೇರಿ ಮಾಡಿದವರು ಹಲವೆಡೆ ಆ ಕಾವಲಿನ ತಂತಿಯನ್ನೇ ತಪ್ಪಿಸಿ, ಫ್ಯಾನ್ ಇಲ್ಲದೆಯೂ ಒಲೆ ಉರಿಯುವಂತೆ ಮಾಡಿದ್ದರು.

ನಮ್ಮ ದೇಶದಲ್ಲಿ ಅಡಿಗೆ ಅನಿಲದಿಂದ ನಡೆಯುವ ಪುಟ್ಟ ಗ್ಯಾಸ್ ಗೀಸರುಗಳು ಬಂದಾಗ ಅವು ಅಗ್ಗವೆಂದು, ಕರೆಂಟ್ ಹೋದರೂ ನೀರು ಕಾಯುತ್ತದೆಂದು ಜನ ಕೊಂಡರು. ಇವುಗಳಲ್ಲಿ ಬಹುಪಾಲು ಮಾನನ ಕಾಲದ ಕೊರತೆಯನ್ನೇ ಉಳಿಸಿಕೊಂಡಿವೆ. ಅವು ಕೋಣೆಯ ಗಾಳಿಯನ್ನೇ ಬಳಸುತ್ತವೆ, ಹೊಗೆಯನ್ನು ಕೋಣೆಯಲ್ಲೇ ಬಿಡುತ್ತವೆ. ಹಳೆಯ ಬಚ್ಚಲಿಗೆ ಹಂಚಿನ ಸಂದು, ಬೆಳಕಿಂಡಿ ಇದ್ದವು. ಇಂದಿನ ನಾಲ್ಕಡಿ ಅಗಲದ ಸ್ನಾನಗೃಹಕ್ಕೆ ಗಾಜಿನ ಕಿಟಕಿ. ಚಳಿಗೆ ಅದೂ ಮುಚ್ಚಿರುತ್ತದೆ. ಚೆನ್ನಾಗಿಯೇ ಉರಿಯಲು ಆರಂಭಿಸಿದ ನೀಲಿ ಜ್ವಾಲೆ ಕೆಲವೇ ನಿಮಿಷಗಳಲ್ಲಿ ಕೋಣೆಯ ಆಮ್ಲಜನಕ ತಗ್ಗಿಸಿ, ಆಮೇಲೆ ವಿಷ ಉಗುಳತೊಡಗುತ್ತದೆ. ಸ್ನಾನಕ್ಕೆ ಹೋದವರು ಹೊರಬರಲಿಲ್ಲ, ಬಾಗಿಲು ಒಡೆದು ನೋಡಿದರು ಎಂಬ ಸುದ್ದಿಗಳು ಕರ್ನಾಟಕದ ಪತ್ರಿಕೆಗಳಿಗೂ ಹೊಸವಲ್ಲ. ಹೀಗೆ ಮೂರ್ಛೆ ಹೋಗಿ ಬದುಕಿದವರನ್ನು ಕಂಡ ಭಾರತದ ವೈದ್ಯರು ಈ ಸ್ಥಿತಿಗೆ ‘ಗ್ಯಾಸ್ ಗೀಸರ್ ಸಿಂಡ್ರೋಮ್’ ಎಂಬ ಹೆಸರನ್ನೇ ಕೊಟ್ಟಿದ್ದಾರೆ. ಪರಿಹಾರ ದುಬಾರಿಯದೇನಲ್ಲ. ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಜಾಗದಲ್ಲಿ ಅಳವಡಿಸಿ ನೀರಿನ ಕೊಳವೆಯನ್ನು ಮಾತ್ರ ಒಳಗೆ ತಂದರೆ ಸಾಕು. ಜ್ವಾಲೆ ಹಳದಿಗೆ ತಿರುಗಿದ್ದು ಕಂಡರೆ ರಿಪೇರಿಯಾಗುವವರೆಗೆ ಅದನ್ನು ಹಚ್ಚಬಾರದು.

ಹನಿಗಳ ಮರುಪ್ರವೇಶ, ಹಂಡೆಯ ಮರಳುವಿಕೆ

ಯುಂಕರ್ಸನ ಯಂತ್ರದಲ್ಲಿ ತೊಟ್ಟಿಕ್ಕಿದ ಹನಿಗಳಿಗೆ ಈಗ ಮರಳಬಹುದು. ಅನಿಲ ಉರಿದಾಗ ನೀರಾವಿಯೂ ಹುಟ್ಟುತ್ತದೆ. ಆ ಆವಿ ಹೊಗೆಯ ಜೊತೆ ಹೊರಟುಹೋದರೆ ಅದರ ಗುಪ್ತೋಷ್ಣವೂ ಹೋಗುತ್ತದೆ. ನೈಸರ್ಗಿಕ ಅನಿಲದಲ್ಲಿ ಇದು ಒಟ್ಟು ಶಾಖದ ಹತ್ತನೆಯ ಒಂದು ಪಾಲು. ಹೊಗೆಯನ್ನು ಸುಮಾರು 55 ಡಿಗ್ರಿಗಿಂತ ತಣ್ಣಗೆ ಮಾಡಿದರೆ ಆವಿ ಹನಿಯಾಗಿ ಆ ಶಾಖವನ್ನು ಬಿಟ್ಟುಕೊಡುತ್ತದೆ. 1890ರ ದಶಕದಲ್ಲೇ ತಿಳಿದಿದ್ದ ಈ ಸಂಗತಿಯನ್ನು ಬಾಯ್ಲರ್ ತಯಾರಕರು ಬಹುಕಾಲ ದೂರವಿಟ್ಟರು. ಆಮ್ಲಗುಣದ ಆ ಹನಿಗಳು ಲೋಹವನ್ನು ತಿನ್ನುತ್ತಿದ್ದವು. ತುಕ್ಕು ಹಿಡಿಯದ ಉಕ್ಕು, ಅಲ್ಯೂಮಿನಿಯಂ ಮಿಶ್ರಲೋಹಗಳು ಬಂದ ಮೇಲೆ, 1980ರ ದಶಕದ ಆರಂಭದಲ್ಲಿ ನೆದರ್ಲೆಂಡ್ಸ್‌ನಂಥ ದೇಶಗಳಲ್ಲಿ ‘ಕಂಡೆನ್ಸಿಂಗ್ ಬಾಯ್ಲರ್’ ಮಾರುಕಟ್ಟೆಗೆ ಬಂತು. 2005ರ ಏಪ್ರಿಲಿನಿಂದ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಹೊಸದಾಗಿ ಹಾಕುವ ಬಹುತೇಕ ಅನಿಲ ಬಾಯ್ಲರುಗಳಿಗೆ ಅದು ಕಡ್ಡಾಯವಾಯಿತು.

ಆದರೆ ಅನಿಲದ ಕಾಲವೇ ಈಗ ಇಳಿಮುಖವಾಗಿದೆ. ಹವಾಮಾನದ ಚಿಂತೆಯಿಂದ ನೆದರ್ಲೆಂಡ್ಸ್ 2018ರ ಜುಲೈಯಿಂದ ಹೊಸ ಮನೆಗಳಿಗೆ ಅನಿಲದ ಸಂಪರ್ಕ ಕೊಡುವುದನ್ನು ಸಾಮಾನ್ಯವಾಗಿ ನಿಲ್ಲಿಸಿತು. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 2022ರಲ್ಲಿ, ಬಾಯ್ಲರ್ ತೆಗೆದು ಹೀಟ್ ಪಂಪ್ ಹಾಕುವವರಿಗೆ ಸಹಾಯಧನದ ಯೋಜನೆ ಬಂತು. ಹೀಟ್ ಪಂಪ್ ಹೊರಗಿನ ಗಾಳಿಯ ಶಾಖವನ್ನು ವಿದ್ಯುತ್ತಿನ ನೆರವಿನಿಂದ ಒಳಗೆ ತರುವ ಯಂತ್ರ. ನಮ್ಮ ಫ್ರಿಜ್ಜಿನ ಕೆಲಸವನ್ನು ತಿರುವುಮುರುವಾಗಿ ಮಾಡುತ್ತದೆ. ಅದು ಮಿತವ್ಯಯಿ, ಆದರೆ ನಿಧಾನಿ. 24 ಕಿಲೋವಾಟಿನ ಆರ್ಭಟ ಅದರಿಂದಾಗದು. ಹೀಗಾಗಿ ಕಾಂಬಿ ಬಾಯ್ಲರ್ ಓಡಿಸಿದ್ದ ಸಿಲಿಂಡರ್ ಬ್ರಿಟನ್ನಿನ ಮನೆಗಳಿಗೆ ಮರಳಿ ಬರುತ್ತಿದೆ. ಬೆಂಗಳೂರಿನ ತಾರಸಿಗಳ ಸೋಲಾರ್ ಹೀಟರುಗಳದ್ದೂ ಇದೇ ನೀತಿ – ಹಗಲಿಡೀ ನಿಧಾನವಾಗಿ ಕಾಯಿಸಿ, ಬೆಳಗಿನ ಸ್ನಾನಕ್ಕೆ ಕೂಡಿಡುವುದು.

ನೀರು ತುಂಬುವ ಹಬ್ಬದಂದು ಹಂಡೆಯನ್ನು ತೊಳೆದು, ಸುಣ್ಣ ಕೆಮ್ಮಣ್ಣಿನಿಂದ ಸಿಂಗರಿಸಿ, ನೀರು ತುಂಬಿ ಪೂಜಿಸುವ ರೂಢಿ ಹಲವು ಮನೆಗಳಲ್ಲಿ ಇನ್ನೂ ಉಳಿದಿದೆ. ಕೂಡಿಟ್ಟ ನೀರಿನ ಆ ಸಂಸ್ಕೃತಿಗೆ ಹೊಸ ತಂತ್ರಜ್ಞಾನ ಮತ್ತೆ ಬೆಲೆ ತಂದಿದೆ. ಗೋಡೆಯ ಮೇಲಿನ ಬುಗ್ಗೆ ಮುಂದೆ ಉಳಿಯುವುದೋ ಅಳಿಯುವುದೋ ಕಾಲ ಹೇಳುತ್ತದೆ. ಅದು ಉರಿಯುತ್ತಿರುವಷ್ಟು ದಿನ ಅದರ ಹೊಗೆಗೆ ದಾರಿಯೊಂದನ್ನು ಕೊಡುವುದು ಮಾತ್ರ ಇಂದಿನ ಕೆಲಸ.